ಪಿಸ್ತೂಲಿನ ಚೀಲಕ್ಕೆ ಎರಡು ತೇಪೆ

ಜೇವರ್ಗಿ
18 ನವೆಂಬರ್ 2023

ಮಧುಮತಿಯವರಿಗೆ ರೇವಣಪ್ಪನ ಶರಣು.

ನನ್ನ ಗುರುತು ನಿಮಗಿಲ್ಲ. ನಿಮ್ಮ ಅಫಜಲಪುರ ಬಸ್ ಡಿಪೋದ ಡ್ರೈವರ್ ಮಸೂದ ನಮ್ಮ ಓಣಿಯವನು. ಅವನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಫೋನು ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಫೌಜಿನಲ್ಲಿ ಆಯುಧ ರಿಪೇರಿ ಮಾಡುವ ಹವಾಲ್ದಾರನಾಗಿ ಬಂದೂಕಿನ ಪಕ್ಕದಲ್ಲೇ ನಿಂತು ನಿಂತು ಎರಡೂ ಕಿವಿ ಕಳೆದುಕೊಂಡವನು ನಾನು. ಫೋನಿನಲ್ಲಿ ನೀವು ಒಂದು ಹೇಳಿದರೆ ನಾನು ಇನ್ನೊಂದಕ್ಕೆ ಹೂಂ ಅನ್ನುತ್ತೇನೆ. ಮೊಬೈಲಿನ ಸಣ್ಣ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ. ಆದ್ದರಿಂದ ಕಾಗದ.

ಪುಣೆಯಲ್ಲಿ ಒಬ್ಬರು ಸ್ವಂತ ಸಂಗ್ರಹಾಲಯ ಮಾಡುತ್ತಿದ್ದಾರೆ. ಎರಡನೇ ಮಹಾಯುದ್ಧದ ಕಾಲದ ಮೂರು ಪಿಸ್ತೂಲು ಅವರಲ್ಲಿವೆ, ಗುಂಡು ಹಾರದಂತೆ ಕೆಡಿಸಿದವು. ಪಿಸ್ತೂಲು ಅವರ ಹತ್ತಿರವೇ ಇರುತ್ತವೆ. ಅವುಗಳ ಜೋಡಿ ಸಾಮಾನು ಹೊಂದಿಸುವುದು ನನ್ನ ಕೆಲಸ: ಸೊಂಟಕ್ಕೆ ಕಟ್ಟುವ ಚೀಲ, ಗುಂಡಿನ ಕಿಸೆ, ಪಿಸ್ತೂಲು ಕೈಜಾರದಂತೆ ಹಾಕುವ ಡೋರಿ, ನಳಿಗೆ ಒರೆಸುವ ಸಲಾಕಿ. ಪಿಸ್ತೂಲು ಯಾವ ಕಾಲದ್ದೋ ಸಾಮಾನೂ ಆ ಕಾಲದ್ದೇ ಇರಬೇಕು. ಒಂದು ಗುಂಡಿ ಆಮೇಲಿನದಾದರೂ ನಾನು ಸಹಿ ಹಾಕುವುದಿಲ್ಲ. ಜಪಾನಿ ಪಿಸ್ತೂಲಿನದು ಮುಗಿಯಿತು, ಕೆನಡಾದಲ್ಲಿ ಮಾಡಿದ್ದರದೂ ಮುಗಿಯಿತು. ಉಳಿದದ್ದು 1943ರ ಒಂದು ರಿವಾಲ್ವರ್. ಅದಕ್ಕೆ ನಮ್ಮ ದೇಶದಲ್ಲೇ ನೇಯ್ದ ದಪ್ಪ ನೂಲಿನ ಚೀಲ ಬೇಕು. ಹಳೆ ಬಜಾರುಗಳಲ್ಲಿ ತಿರುಗಿ ಸಾಕಾಗಿದೆ. ಹೊಸ ಕ್ಯಾನ್ವಾಸನ್ನು ಚಹಾದಲ್ಲಿ ಅದ್ದಿ ಮುಪ್ಪು ಬರಿಸಿ, "ಮುತ್ಯಾನ ಕಾಲದ್ದರಿ" ಎಂದು ಆಣೆ ಮಾಡುತ್ತಾರೆ. ಮೂಸಿ ನೋಡಿದರೆ ಏಲಕ್ಕಿ ವಾಸನೆ.

ಹೀಗಿರುವಾಗ ಮಸೂದ ಒಂದು ದಿನ ನನ್ನ ಕಿವಿಯಲ್ಲಿ ಕೂಗಿದ: "ನಮ್ಮ ಕಂಡಕ್ಟರ್ ಮಧುಮತಿಬಾಯಿ ಮನ್ಯಾಗ ಒಂದು ಪಿಸ್ತೂಲಿನ ಚೀಲ ಅದರಿ ಕಾಕಾ. ಮುದುಕಿ ಅದರಾಗ ಅಡಿಕಿ ಕತ್ತರಿಸೋ ಅಡಕೊತ್ತು ಇಡ್ತಾಳ!"

ನಿಜವೇ? ನಿಜವಾದರೆ ಒಂದು ಸಾಲು ಬರೆಯಿರಿ.

ರೇವಣಪ್ಪ


ಅಫಜಲಪುರ
2 ಡಿಸೆಂಬರ್ 2023

ಹವಾಲ್ದಾರ ಸಾಹೇಬರಿಗೆ,
ಜೈ ಭೀಮ.

ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ತೊಗರಿ ರಾಶಿಯ ಕಾಲ. ಬಸ್ಸಿನಲ್ಲಿ ಜನಕ್ಕಿಂತ ಚೀಲ ಜಾಸ್ತಿ. ಮನೆಗೆ ಬಂದು ಕೂತರೆ ಏಳುವ ಶಕ್ತಿ ಇರುವುದಿಲ್ಲ, ಪೆನ್ನು ಹಿಡಿಯುವುದು ದೂರವೇ ಉಳಿಯಿತು.

ಮಸೂದ ಹೇಳಿದ್ದು ನಿಜ. ಚೀಲ ನನ್ನ ಮುತ್ಯಾ, ಅಪ್ಪನ ಅಪ್ಪ ಅಣ್ಣಾರಾಯನದು. ಅವನು ಸೋಲಾಪುರಕ್ಕೆ ಹೋಗಿ ಫೌಜಿಗೆ ಸೇರಿ ಬರ್ಮಾದ ಯುದ್ಧಕ್ಕೆ ಹೋಗಿದ್ದ. ನಾನು ಹುಟ್ಟುವ ಮೊದಲೇ ತೀರಿಕೊಂಡ. ಕಾಗದಪತ್ರವನ್ನೆಲ್ಲ ಗೆದ್ದಲು ತಿಂದಿದೆ. ಉಳಿದಿರುವುದು ಈ ಚೀಲ, ಮತ್ತು ಅವನ ಹೆಂಡತಿ, ನನ್ನ ಆಯಿ ಭಾಗಮ್ಮ. ತೊಂಬತ್ತು ದಾಟಿದ್ದಾರೆ. ನನ್ನ ಜೊತೆ ಇಲ್ಲೇ ಡಿಪೋ ಹಿಂದಿನ ಮನೆಯಲ್ಲಿದ್ದಾರೆ.

ಚೀಲ ಕೊಡುತ್ತೇನೆ. ನನಗೆ ಹಣ ಬೇಡ. ಗಾಜಿನ ಪೆಟ್ಟಿಗೆಯಲ್ಲಿ ಅದರ ಪಕ್ಕ ಮುತ್ಯಾನ ಹೆಸರು ಇರಬೇಕು. ಅದೊಂದೇ ಷರತ್ತು. ನಮ್ಮೂರು ಆಳಂದ ತಾಲೂಕಿನಲ್ಲಿ, ನಿಂಬರ್ಗಾದಿಂದ ಒಳಗೆ ಹೋಗಬೇಕು. ಅಲ್ಲಿ ಹಿರಿಯರೆಲ್ಲ ಕೂಡಿ ಕಟ್ಟೆಯ ಮೇಲೆ ಫೌಜಿಗೆ ಹೋದವರ ಹೆಸರಿನ ಕಲ್ಲು ನಿಲ್ಲಿಸಿದ್ದಾರೆ. ನನ್ನ ಅಪ್ಪ ಹೋಗಿ ಕೇಳಿದಾಗ, "ಅಡಿಗಿ ಮಾಡಾಕ ಹೋದವರ ಹೆಸರು ಹಾಕಂಗಿಲ್ಲ" ಎಂದರಂತೆ. ಅಪ್ಪ ಸಾಯುವವರೆಗೂ ಆ ಕಟ್ಟೆಯ ಮೇಲೆ ಕೂರಲಿಲ್ಲ. ಆಯಿ ಇರುವಾಗಲೇ ಎಲ್ಲಾದರೂ ಒಂದು ಕಡೆ ಅವನ ಹೆಸರು ಬರೆದದ್ದನ್ನು ಅವರಿಗೆ ತೋರಿಸಬೇಕು. ನನಗೆ ಅಷ್ಟಾದರೆ ಸಾಕು.

ಮಧುಮತಿ


ಜೇವರ್ಗಿ
9 ಡಿಸೆಂಬರ್ 2023

ಮಧುಮತಿಯವರಿಗೆ ಶರಣು.

ಷರತ್ತು ಒಪ್ಪಿದೆ. ಚೀಲ ನೋಡಿದ ಮೇಲೆ ಏನು ಬರೆಯಬಹುದೆಂದು ತಿಳಿಸುತ್ತೇನೆ.

ಒಂದೇ ವಿನಂತಿ. ದಯವಿಟ್ಟು ತೊಳೆಯಬೇಡಿ. ಫೌಜಿನವರು ಚೀಲಕ್ಕೆ ಹಸಿರು ಮಣ್ಣಿನಂಥ ಬಣ್ಣ ಬಳಿಯುತ್ತಿದ್ದರು. ಒಂದು ಸಲ ಸಾಬೂನಿನ ನೀರಿಗೆ ಬಿದ್ದರೆ ಅದು ಹೋಯಿತು, ಜೊತೆಗೆ ಚೀಲದ ವಯಸ್ಸೂ ಹೋಯಿತು. ಹಿತ್ತಾಳೆ ಗುಂಡಿಗೆ ಹುಣಸೆಹಣ್ಣನ್ನೂ ಹಚ್ಚಬೇಡಿ. ಇದ್ದದ್ದು ಇದ್ದ ಹಾಗೆಯೇ ಕಾಗದದಲ್ಲಿ ಸುತ್ತಿ ಮಸೂದನ ಕೈಗೆ ಕೊಡಿ.

ರೇವಣಪ್ಪ


ಅಫಜಲಪುರ
7 ಜನವರಿ 2024

ಸಾಹೇಬರಿಗೆ ಜೈ ಭೀಮ.

ಚೀಲ ಕಳಿಸಿದ್ದೇನೆ. ತೊಳೆದಿಲ್ಲ. ನಿಜ ಹೇಳುತ್ತೇನೆ, ತೊಳೆಯದೆ ಕಳಿಸಲು ಮೊದಲು ಕೈ ಬರಲಿಲ್ಲ. ನಮ್ಮ ಮನೆಯಿಂದ ನಿಮ್ಮಂಥವರ ಮನೆಗೆ ಒಂದು ವಸ್ತು ಹೋಗುತ್ತದೆಂದರೆ ನಾವು ಎರಡು ಸಲ ತೊಳೆದು ಕಳಿಸುವವರು. ಹಾಗೆಯೇ ಬೆಳೆದಿದ್ದೇವೆ. ಬಕೆಟ್ಟಿನಲ್ಲಿ ಸೋಪಿನ ಪುಡಿ ಹಾಕಿ, ನಿಮ್ಮ ಕಾಗದ ನೆನಪಾಗಿ, ಆ ನೀರಿನಲ್ಲಿ ನನ್ನ ಯೂನಿಫಾರ್ಮ್ ನೆನೆಹಾಕಿದೆ.

ಎಲೆ ಅಡಿಕೆ ವಾಸನೆ ಬಂದರೆ ಅದು ಆಯಿಯದು. ಏಲಕ್ಕಿಯದಲ್ಲ.

ಮಧುಮತಿ


ಜೇವರ್ಗಿ
15 ಜನವರಿ 2024

ಮಧುಮತಿಯವರಿಗೆ ಶರಣು.

ಚೀಲ ಬಂತು. ಸಂಕ್ರಾಂತಿಯ ಎಳ್ಳು ಹೋಳಿಗೆ ಆರುತ್ತಿದ್ದರೂ ನಾನು ಭೂತಗನ್ನಡಿ ಹಿಡಿದು ಕೂತವನು ಏಳಲಿಲ್ಲ ಎಂದು ಮನೆಯಲ್ಲಿ ಬೈಗುಳ. ಇದು ಅಸಲಿ. ನೇಯ್ಗೆ, ಹಿತ್ತಾಳೆ, ಮುಚ್ಚಳದ ಒಳಗೆ ಫೌಜಿನ ಮಾಲಿಗೆ ಒತ್ತುತ್ತಿದ್ದ ಬಾಣದ ಮಸುಕಾದ ಮುದ್ರೆ, ಎಲ್ಲವೂ ಆ ಕಾಲದ್ದೇ. ಸಲಾಕಿ ಇಡುವ ಒಳಗಿನ ಸಣ್ಣ ಕಿಸೆಯೂ ಹರಿದಿಲ್ಲ. ಇಷ್ಟು ವರ್ಷ ಇಂಥದ್ದೊಂದಕ್ಕಾಗಿ ಅಲೆದೆ, ಅದು ಮೂರು ತಾಸಿನ ದಾರಿಯಲ್ಲಿ ಅಡಕೊತ್ತು ಹೊತ್ತುಕೊಂಡು ಕೂತಿತ್ತು.

ತೊಡಕು ಒಂದಿದೆ. ಮುಂದೊಂದು, ಹಿಂದೊಂದು, ಎರಡು ತೇಪೆ ಹಚ್ಚಿದ್ದಾರೆ. ಖಾಕಿ ಬಟ್ಟೆಯ ತುಂಡು, ಕೆಂಪು ದಾರ, ಕೌದಿ ಹೊಲಿಗೆ. ಅಡಕೊತ್ತಿನ ಚೂಪಿಗೆ ಹರಿದಿರಬೇಕು. ಇವು ಯುದ್ಧಕಾಲದವಲ್ಲ. ಆಮೇಲಿನ ಹೊಲಿಗೆ ಇದ್ದರೆ ಸಾಮಾನು ಶುದ್ಧವಲ್ಲ ಎಂದು ನಮ್ಮ ಕಸುಬಿನ ಲೆಕ್ಕ. ನೀವು ಒಪ್ಪಿದರೆ ನಿಧಾನವಾಗಿ ಬಿಚ್ಚುತ್ತೇನೆ.

ಇನ್ನೊಂದು ಮಾತು, ಮುಚ್ಚಿಡುವುದು ಸರಿಯಲ್ಲ. ಆ ಕಾಲದಲ್ಲಿ ಸಾದಾ ಸಿಪಾಯಿಗೆ ರೈಫಲ್ ಕೊಡುತ್ತಿದ್ದರೇ ಹೊರತು ರಿವಾಲ್ವರ್ ಅಲ್ಲ. ಅದು ಅಧಿಕಾರಿಗಳ ಸೊಂಟದ್ದು. ನಿಮ್ಮ ಮುತ್ಯಾನ ಕೈಗೆ ಈ ಚೀಲ ಹೇಗೋ ಬಂದಿರಬೇಕು. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಯುದ್ಧ ಮುಗಿದಾಗ ಎಷ್ಟೋ ಸಾಮಾನು ಎಷ್ಟೋ ಮನೆ ಸೇರಿವೆ. ಕಾರ್ಡಿನಲ್ಲಿ "ಜೋಪಾನ ಮಾಡಿದವರು: ಅಣ್ಣಾರಾಯ" ಎಂದು ಹಾಕಿಸುತ್ತೇನೆ. ಷರತ್ತು ಮುರಿದಂತಾಗುವುದಿಲ್ಲ.

ರೇವಣಪ್ಪ


ಅಫಜಲಪುರ
20 ಜನವರಿ 2024

ಹವಾಲ್ದಾರರಿಗೆ,

"ಹೇಗೋ ಬಂದಿರಬೇಕು." ಈ ಮಾತನ್ನು ಇದಕ್ಕೂ ಮೊದಲು ಕೇಳಿದ್ದೇನೆ. ನಮ್ಮೂರಲ್ಲಿ ಇದನ್ನೇ ಇನ್ನಷ್ಟು ಬಿಚ್ಚಿ ಹೇಳುತ್ತಿದ್ದರು: "ಕೇರಿ ಹುಡುಗನ ಕೈಯಾಗ ಗೋರೆ ಮಂದಿ ಪಿಸ್ತೂಲ ಕೊಡ್ತಾರೇನು? ಸಾಹೇಬನ ಬೂಟ್ ಒರಸ್ತಾ ಒರಸ್ತಾ ಎತ್ತಿಕೊಂಡು ಬಂದಾನ." ನೀವು ಒಳ್ಳೆಯ ಕನ್ನಡದಲ್ಲಿ ಬರೆದಿರಿ, ಅಷ್ಟೇ.

ಮುತ್ಯಾ ಫೌಜಿನಲ್ಲಿ ಫಟಫಟಿ, ಮೋಟಾರ್ ಸೈಕಲ್, ಓಡಿಸುತ್ತಿದ್ದ. ಒಂದು ಠಾಣ್ಯದಿಂದ ಇನ್ನೊಂದು ಠಾಣ್ಯಕ್ಕೆ ಟಪಾಲು ಒಯ್ಯುವ ಕೆಲಸ. ಆಯಿ ಹೇಳಿದ್ದು. ಇದನ್ನು ನಿಮಗೆ ಮೊದಲೇ ಬರೆಯಲಿಲ್ಲ, ಯಾಕೆಂದರೆ ಈವರೆಗೆ ಯಾರಿಗೆ ಹೇಳಿದರೂ ನಕ್ಕಿದ್ದಾರೆ. ನೀವು ಫೌಜಿನವರು, ಚೀಲ ನೋಡಿ ನೀವೇ ಹೇಳುತ್ತೀರಿ ಅಂದುಕೊಂಡಿದ್ದೆ.

ತೇಪೆ ಬಿಚ್ಚಿ. ಏನು ಬೇಕೋ ಮಾಡಿ. "ಜೋಪಾನ ಮಾಡಿದವರು" ಎಂದು ಮಾತ್ರ ಹಾಕಬೇಡಿ. ಕದ್ದವರು ಅನ್ನುವುದಕ್ಕೆ ಅದು ಮರ್ಯಾದೆಯ ಹೆಸರು. ನನಗೆ ದಣಿವಾಗಿದೆ ಸಾಹೇಬರೇ. ಇಡೀ ದಿನ ಟಿಕೀಟು ತಗೊಳ್ಳಿ ಅನ್ನುವವಳಿಗೆ ಸಂಜೆಗೆ ಮತ್ತೊಬ್ಬರನ್ನು ನಂಬಿಸುವ ತ್ರಾಣ ಉಳಿಯುವುದಿಲ್ಲ.

ಮಧುಮತಿ


ಜೇವರ್ಗಿ
4 ಫೆಬ್ರವರಿ 2024

ಮಧುಮತಿಯವರಿಗೆ,

ತೇಪೆ ಬಿಚ್ಚಿದೆ. ಒಂದು ಪ್ರಶ್ನೆ ಇದೆ. ಕಾರಣ ಈಗ ಕೇಳಬೇಡಿ, ಹೇಳಿದರೆ ನಿಮ್ಮ ಉತ್ತರದ ಬೆಲೆ ಕಡಿಮೆಯಾಗುತ್ತದೆ.

ನಿಮ್ಮ ಮುತ್ಯಾನಿಗೆ ಸೊಂಟದ ಕೆಳಗೆ, ತೊಡೆಯ ಹತ್ತಿರ ಏನಾದರೂ ಗಾಯವಾಗಿತ್ತೇ? ಆಗಿದ್ದರೆ ಯಾವ ಕಡೆ?

ರೇವಣಪ್ಪ


ಅಫಜಲಪುರ
12 ಫೆಬ್ರವರಿ 2024

ಹವಾಲ್ದಾರರಿಗೆ,

ಮಸೂದ ನಿಮಗೆ ಎಲ್ಲವನ್ನೂ ಹೇಳಿದ ಹಾಗಿದೆ. ಹೌದು, ಊರಲ್ಲಿ ಮುತ್ಯಾನ ಹೆಸರು ಕುಂಟ ಅಣ್ಣಾರಾಯ. ಎಡಗಾಲು ಎಳೆದು ನಡೆಯುತ್ತಿದ್ದನಂತೆ. ಫೌಜಿನಲ್ಲಿ ಅಡಿಗೆ ಸಾಮಾನಿನ ಗಾಡಿಯಿಂದ ಬಿದ್ದು ತೊಡೆ ಮುರಿದುಕೊಂಡ ಎನ್ನುತ್ತಾರೆ. ಗಾಡಿಯಿಂದ ಬಿದ್ದ ಎನ್ನುವುದನ್ನು ನಮ್ಮ ಮನೆಯವರೂ ಹೇಳುತ್ತಿದ್ದರು.

ಅದನ್ನೂ ಕಾರ್ಡಿನಲ್ಲಿ ಹಾಕಿಸುತ್ತೀರಾ? ಬೇಡ ಸಾಹೇಬರೇ. ಚೀಲ ವಾಪಸ್ ಕಳಿಸಿಬಿಡಿ. ಆಯಿ ದಿನಾ ಕೇಳುತ್ತಿದ್ದಾರೆ.

ಮಧುಮತಿ


ಜೇವರ್ಗಿ
16 ಫೆಬ್ರವರಿ 2024

ತಂಗಿ ಮಧುಮತಿ,

ಮಸೂದ ನನಗೆ ಏನೂ ಹೇಳಿಲ್ಲ. ಎಡಗಾಲು ಎಂದು ನೀನು ಬರೆದ ಸಾಲನ್ನು ಓದಿ ನಾನು ಚೀಲವನ್ನು ಮತ್ತೆ ಹೊರತೆಗೆದು ನೋಡಿದೆ. ಇನ್ನು ನಿನಗೆ ಬಹುವಚನ ಬರೆಯಲು ನನಗೆ ಆಗುವುದಿಲ್ಲ, ನನ್ನ ಮಗಳ ವಯಸ್ಸು ನಿನ್ನದು.

ತೇಪೆಯ ಕೆಳಗೆ ಹರಿದದ್ದಿರಲಿಲ್ಲ. ತೂತು ಇತ್ತು, ದುಂಡನೆಯದು. ಹೊರಮೈಯಲ್ಲಿ ಒಂದು, ಮೈಗೆ ತಾಗುವ ಒಳಮೈಯಲ್ಲಿ ಒಂದು, ಅದು ಒಂದು ಬೆರಳು ಕೆಳಗೆ. ಇಂಥ ತೂತನ್ನು ನಾನು ಗುರಿಹಲಗೆಗಳಲ್ಲಿ ಆಯುಷ್ಯವೆಲ್ಲ ನೋಡಿದ್ದೇನೆ. ಅಡಕೊತ್ತಿನ ಮೇಲೆ ಸುಮ್ಮನೆ ಅಪವಾದ ಹೊರಿಸಿದೆ. ಇದು ಗುಂಡಿನದು. ಒಳಮೈಯ ತೂತಿನ ಸುತ್ತ ನೂಲು ಕಪ್ಪಾಗಿ ಗಟ್ಟಿಯಾಗಿದೆ. ಅದು ಏನೆಂದು ನಾನು ಬರೆಯುವುದಿಲ್ಲ.

ಹಿಂದಿನ ಹಿತ್ತಾಳೆ ಕೊಂಡಿ ಸವೆದ ರೀತಿ ನೋಡಿ, ಇದನ್ನು ಎಡಗಡೆ ಕಟ್ಟಿದ್ದರು ಎಂದು ಮೊದಲೇ ಗುರುತು ಹಾಕಿಟ್ಟಿದ್ದೆ. ಅದಕ್ಕೇ ನಿನಗೆ ಕಾರಣ ಹೇಳದೆ ಕೇಳಿದ್ದು. ಅಧಿಕಾರಿಯ ಚೀಲ ಕದ್ದವನಿಗೆ ಚೀಲದ ತೂತಿಗೆ ಸರಿಯಾಗಿ ತೊಡೆಯಲ್ಲಿ ಗಾಯ ಬರುವುದಿಲ್ಲ. ಗುಂಡು ಬಿದ್ದಾಗ ಈ ಚೀಲ ನಿನ್ನ ಮುತ್ಯಾನ ಸೊಂಟದಲ್ಲಿತ್ತು.

ಇನ್ನೂ ಒಂದಿದೆ. ರಿವಾಲ್ವರಿನ ದಪ್ಪ ಉಕ್ಕು ಎಲ್ಲಿ ಕೂರುತ್ತದೋ ಅಲ್ಲೇ ಗುಂಡು ಹಾದುಹೋಗಿದೆ. ರಿವಾಲ್ವರ್ ಒಳಗಿದ್ದಿದ್ದರೆ ಗುಂಡು ಅದಕ್ಕೆ ಬಡಿದು ನಿಲ್ಲುತ್ತಿತ್ತು, ಇಲ್ಲವೇ ಹೊರಳುತ್ತಿತ್ತು. ನೇರವಾಗಿ ಹೋಗಿದೆಯೆಂದರೆ ಆ ಗಳಿಗೆಯಲ್ಲಿ ಚೀಲ ಖಾಲಿ ಇತ್ತು. ರಿವಾಲ್ವರ್ ಎಲ್ಲಿತ್ತು ಎಂದು ಚೀಲ ಹೇಳುವುದಿಲ್ಲ. ಆದರೆ ಗುಂಡು ಹಾರುವ ಜಾಗದಲ್ಲಿ ಮನುಷ್ಯ ಅದನ್ನು ಚೀಲದಿಂದ ತೆಗೆದು ಎಲ್ಲಿಟ್ಟುಕೊಳ್ಳುತ್ತಾನೆ ಎಂದು ನಾನೂ ನೀನೂ ಊಹಿಸಬಹುದು.

ಮೋಟಾರ್ ಸೈಕಲ್ಲಿನಲ್ಲಿ ಟಪಾಲು ಒಯ್ಯುವವರಿಗೆ ರಿವಾಲ್ವರ್ ಕೊಡುತ್ತಿದ್ದರು. ನನಗೆ ಗೊತ್ತಿದ್ದ ಸಂಗತಿಯೇ. ನಿನ್ನ ಮುತ್ಯಾನ ವಿಷಯದಲ್ಲಿ ಅದು ನೆನಪಿಗೆ ಬರಲಿಲ್ಲ. ಯಾಕೆ ಬರಲಿಲ್ಲವೆಂದು ನಿನಗೂ ಗೊತ್ತು, ಈಗ ನನಗೂ ಗೊತ್ತು. "ಒಬ್ಬ ಅಧಿಕಾರಿಯ ಚೀಲ" ಎಂದು ಪುಣೆಗೆ ಬರೆದೂ ಆಗಿತ್ತು. ಆ ಮಾತನ್ನು ಹಿಂದಕ್ಕೆ ತಗೊಂಡು ನಿನ್ನೆ ಕಾಗದ ಹಾಕಿದೆ. ನನ್ನನ್ನು ಕ್ಷಮಿಸು.

ಆದರೆ ಇನ್ನು ಇದು ಪುಣೆಯ ರಿವಾಲ್ವರಿಗೆ ಜೋಡಿಯಾಗುವುದಿಲ್ಲ. ಅದರ ಸಂಗಾತಿಯಾದ ರಿವಾಲ್ವರ್ ಎಲ್ಲೋ ಬೇರೆ ಇತ್ತು. ಗುಂಡು ತಿಂದ ಚೀಲವನ್ನು ಯಾವುದೋ ರಿವಾಲ್ವರಿನ ಪಕ್ಕದಲ್ಲಿಟ್ಟು ಎರಡೂ ಒಂದೇ ಸಂಸಾರದವು ಎಂದರೆ ಸುಳ್ಳಾಗುತ್ತದೆ. ಇಷ್ಟು ವರ್ಷ ಸಾಮಾನಿಗೆ ಸಾಮಾನು ಹೊಂದಿಸಿದೆ. ಈ ಸಲ ಚೀಲ ಪಿಸ್ತೂಲಿಗೆ ಹೊಂದಲಿಲ್ಲ, ಮನುಷ್ಯನಿಗೆ ಹೊಂದಿತು.

ಆಯಿಗೆ ಇದನ್ನೆಲ್ಲ ಓದಿ ಹೇಳು. ತೂತು ಮುಚ್ಚಿದ್ದು ಯಾರು, ಯಾಕೆ ಎಂದು ಕೇಳು.

ರೇವಣಪ್ಪ


ಜೇವರ್ಗಿ
20 ಮಾರ್ಚ್ 2024

ತಂಗಿ ಮಧುಮತಿ,

ತಿಂಗಳ ಮೇಲಾಯಿತು, ನಿನ್ನಿಂದ ಕಾಗದವಿಲ್ಲ. ಮಸೂದನನ್ನು ಕೇಳಿದರೆ, "ಡ್ಯೂಟಿಗಿ ಬರ್ತಾರ್ರಿ, ಮಾತಾಡಂಗಿಲ್ಲ" ಎನ್ನುತ್ತಾನೆ. ಒಳ್ಳೆಯ ಸುದ್ದಿ ಕಳಿಸಿದೆ ಎಂದು ನಾನು ಹಿಗ್ಗಿದ್ದೆ. ಏನಾಯಿತು? ಆಯಿ ಆರಾಮ ಇದ್ದಾರೆಯೇ?

ಚೀಲವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ತೇಪೆ ಎರಡನ್ನೂ ದಾರದ ಸಮೇತ ಇಟ್ಟಿದ್ದೇನೆ. ಬಿಸಾಡಿಲ್ಲ.

ರೇವಣಪ್ಪ


ಅಫಜಲಪುರ
18 ಏಪ್ರಿಲ್ 2024

ಕಾಕಾ, ಜೈ ಭೀಮ.

ಬರೆಯಲು ಮುಖವಿರಲಿಲ್ಲ. ಚೀಲ ನಿಮಗೆ ಕಳಿಸುವಾಗ ನಾನು ಆಯಿಗೆ ನಿಜ ಹೇಳಿರಲಿಲ್ಲ. ಗುಂಡಿ ಸಡಿಲಾಗಿದೆ, ರಿಪೇರಿ ಮಾಡಿಸಿ ತರುತ್ತೇನೆ ಎಂದಿದ್ದೆ. ಹೆಸರು ಬಂದ ಮೇಲೆ ಒಮ್ಮೆಲೇ ತೋರಿಸೋಣ ಎಂಬ ಆಸೆ. ತೇಪೆ ಬಿಚ್ಚಲು ನಿಮಗೆ ಒಪ್ಪಿಗೆ ಕೊಟ್ಟಾಗಲೂ ಕೇಳಲಿಲ್ಲ. ಹಳೆ ಚಿಂದಿ ತುಂಡಿಗೆ ಯಾರನ್ನು ಕೇಳುವುದು ಅಂದುಕೊಂಡೆ.

ನಿಮ್ಮ ಕಾಗದವನ್ನು ಕುಣಿಯುತ್ತ ಓದಿ ಹೇಳಿದೆ. ಆಯಿ ನಗಲಿಲ್ಲ. "ಯಾರು ಹೇಳಿದ್ರಬೇ ಅದನ್ನ ಬಿಚ್ಚಂತ?" ಎಂದರು. ಅಷ್ಟೇ, ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಊಟಕ್ಕೆ ಕರೆದರೆ ಎದ್ದು ಬರುತ್ತಿದ್ದರು, ನನ್ನ ಜೊತೆ ಮಾತಿಲ್ಲ. ಅಡಿಕೆಯನ್ನು ಹಲ್ಲಿಲ್ಲದ ಬಾಯಲ್ಲಿ ಹಾಗೇ ಇಟ್ಟುಕೊಳ್ಳುತ್ತಿದ್ದರು, ಅಡಕೊತ್ತು ಮುಟ್ಟಲಿಲ್ಲ. ನನಗೆ ಸಿಟ್ಟು ಬಂತು ಕಾಕಾ. ಆಯುಷ್ಯವೆಲ್ಲ ಕಳ್ಳ ಅನಿಸಿಕೊಂಡವನು ಕಳ್ಳನಲ್ಲ ಎಂದು ಗೊತ್ತಾದರೆ ಹೆಂಡತಿಯಾದವಳು ಹೀಗೆ ಮಾಡುವುದೇ ಎಂದು.

ಮೊನ್ನೆ ಬಾಬಾಸಾಹೇಬರ ಜಯಂತಿ. ಓಣಿಯಲ್ಲಿ ನೀಲಿ ಬಾವುಟ, ಮೆರವಣಿಗೆ. ಆಯಿಯನ್ನು ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದ್ದೆ. ಮೆರವಣಿಗೆ ದಾಟಿ ಹೋದ ಮೇಲೆ ತಾವಾಗಿಯೇ ಶುರು ಮಾಡಿದರು.

"ಲಗ್ನಕ್ಕ ನೋಡಾಕ ಬಂದಾಗ ನಮ್ಮ ಅಣ್ಣಗೋಳು ಕೇಳಿದ್ರು, ಹುಡುಗನ ಕಾಲಿಗಿ ಏನಾಗ್ಯಾದ ಅಂತ. ಫೌಜಿನಾಗ ಗಾಡಿ ಮ್ಯಾಲಿಂದ ಬಿದ್ದಾನಂತ ಅವರವ್ವ ಅಂದ್ಳು. ಗುಂಡು ಬಿದ್ದದ ಅಂದಿದ್ರ ಯಾರು ಹೆಣ್ಣು ಕೊಡ್ತಿದ್ರು? ಗುಂಡು ಮೈಯಾಗೇ ಉಳದದ, ಇಂವ ಇವತ್ತಿಲ್ಲ ನಾಳಿ ಸಾಯ್ತಾನ ಅಂತಿದ್ರು. ಎರಡು ಮನ್ಯಾಗ ಹಂಗ ಅಂದು ಕಳಿಸಿದ್ರಂತ."

"ನಿಂಗ ಯಾವಾಗ ಗೊತ್ತಾತು?"

"ಲಗ್ನಾದ ಮ್ಯಾಲ ಅಂವನೇ ತೋರ್ಸಿದ. ತೊಡಿ ಮ್ಯಾಲ ಕಲೆ, ಚೀಲದ ಮ್ಯಾಲ ತೂತು. ಪಿಸ್ತೂಲ ಕೈಯಾಗ ಹಿಡದಿದ್ದೆ ಅಂದ. ಹಾರಿಸಿದ್ನೋ ಇಲ್ಲೋ ಹೇಳಲಿಲ್ಲ, ನಾ ಕೇಳಲಿಲ್ಲ. ಇದನ್ನ ಮುಚ್ಚಿಬಿಡು, ನಿಮ್ಮ ಅಣ್ಣಗೋಳು ನೋಡಿದ್ರ ನಮ್ಮವ್ವ ಸುಳ್ಳಿ ಆಗ್ತಾಳ ಅಂದ. ಕೌದಿ ಸೂಜಿ ಇತ್ತು, ಕೆಂಪು ದಾರ ಇತ್ತು. ಹಚ್ಚಿದೆ. ಯಾರ ಮುಂದೂ ಬಿಚ್ಚಂಗಿಲ್ಲಂತ ಮಾತು ತಗೊಂಡ."

"ಹಂಗಾರ ಊರಾಗ ಅಡಿಗಿಯಂವ ಅಂದಾಗ, ಕಳ್ಳ ಅಂದಾಗ?"

"ಏನಂತಾನ? ಗಾಡಿ ಮ್ಯಾಲಿಂದ ಬಿದ್ದಾನ ಅಂದ್ರ, ಅಡಿಗಿ ಸಾಮಾನಿನ ಗಾಡಿ ಇರ್ಬೇಕಂತ ಅವರೇ ಜೋಡಿಸಿಕೊಂಡ್ರು. ಅಲ್ಲ ಅನ್ನಬೇಕಂದ್ರ ಸುಳ್ಳು ಹೊರಗ ಬೀಳತಿತ್ತು. ನಿಮ್ಮಪ್ಪ ಕಟ್ಟಿ ಮ್ಯಾಲಿಂದ ಅಳಕೋತ ಬಂದ ದಿನ ನನ್ನ ನಾಲಿಗಿ ತುದಿ ತನಕ ಬಂದಿತ್ತು. ನುಂಗಿದೆ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ ಕಾಕಾ. ನಮ್ಮ ಮನೆಯಲ್ಲಿ ಹೇಳಿದ್ದು ಒಂದೇ ಸುಳ್ಳು. ಆಯಿಯನ್ನು ಪಡೆಯಲು ಮುತ್ಯಾ ತನ್ನ ಯುದ್ಧವನ್ನೇ ಬಿಟ್ಟುಕೊಟ್ಟ. ಆಯಿ ಕೊಟ್ಟ ಮಾತನ್ನು ಎಪ್ಪತ್ತು ವರ್ಷದ ಮೇಲೆ ಹಿಡಿದಿದ್ದರು. ನಾವಿಬ್ಬರೂ ಕೂಡಿ ಕತ್ತರಿ ಹಾಕಿದೆವು. ನಾನು ಬಾಗಿಲಲ್ಲೇ ಅವರ ಕಾಲ ಹತ್ತಿರ ಕೂತು ಅತ್ತೆ.

ಆಮೇಲೆ ಅವರೇ ನನ್ನ ತಲೆ ಮೇಲೆ ಕೈ ಇಟ್ಟು ಅಂದರು: "ಸಾಕು ಬಿಡಬೇ. ನಮ್ಮ ಅಣ್ಣಗೋಳು ಒಬ್ಬರೂ ಉಳದಿಲ್ಲ. ಅವರವ್ವನೂ ಇಲ್ಲ. ಇನ್ನ ಯಾರ ಸಲುವಾಗಿ ಮುಚ್ಚಬೇಕು? ಇಡು ಅನ್ನು ಗಾಜಿನಾಗ. ತೂತು ಕಾಣಲಿ. ಆದ್ರ ನನ್ನ ತೇಪಿನೂ ಬಾಜೂಕ ಇಡ್ಲಿ. ಅಂವ ಹೇಳಿದ್ದು ನಾ ಮಾಡಿದ್ದೆ ಅಂತ ಇರ್ಲಿ."

ತೇಪೆ ಆ ಕಾಲದ್ದಲ್ಲ, ನಿಮ್ಮ ಲೆಕ್ಕಕ್ಕೆ ಬರುವುದಿಲ್ಲವೆಂದು ನನಗೆ ಗೊತ್ತು. ಗುಂಡಿ ಆಮೇಲಿನದಾದರೂ ಸಹಿ ಹಾಕದವರು ನೀವು. ಆದರೂ ಕೇಳುತ್ತಿದ್ದೇನೆ.

ಮಧುಮತಿ


ಜೇವರ್ಗಿ
6 ಮೇ 2024

ಮಗಳೇ, ಜೈ ಭೀಮ.

ನಿನ್ನ ಕಾಗದ ಹಿಡಿದುಕೊಂಡು ಈ ಬಿಸಿಲಿನಲ್ಲಿ ನಾನೇ ಪುಣೆಗೆ ಹೋಗಿ ಬಂದೆ. ಪಿಸ್ತೂಲಿಲ್ಲದ ಪೆಟ್ಟಿಗೆಯನ್ನು ಯಾರು ನೋಡುತ್ತಾರೆ ಎಂದು ಸಂಗ್ರಹಾಲಯದವರು ಕಾಗದದಲ್ಲಿ ಬರೆದು ತೋರಿಸಿದರು. ಕಿವುಡನ ಜೊತೆ ವಾದ ಮಾಡುವುದು ಕಷ್ಟ, ನನಗೆ ಅದೊಂದು ಅನುಕೂಲ. ಈ ಪೆಟ್ಟಿಗೆ ಇಲ್ಲದಿದ್ದರೆ ಉಳಿದ ಸಾಮಾನಿಗೂ ನನ್ನ ಸಹಿ ಇಲ್ಲ ಎಂದು ಬರೆದುಕೊಟ್ಟು ಚಹಾ ಕುಡಿಯುತ್ತ ಕೂತೆ. ಒಪ್ಪಿದರು. ಬಾಗಿಲಿನ ಎದುರಿಗೇ ಜಾಗ ಕೊಟ್ಟಿದ್ದಾರೆ. 1943ರ ರಿವಾಲ್ವರ್ ಸದ್ಯಕ್ಕೆ ಚೀಲವಿಲ್ಲದೆ ಮಲಗಿದೆ. ಅದಕ್ಕೆ ಬೇರೆ ಯಾರಾದರೂ ಹುಡುಕಲಿ, ನನಗೆ ಸಾಕಾಗಿದೆ. ಇದೇ ನನ್ನ ಕೊನೆಯ ಕೆಲಸ.

ಪೆಟ್ಟಿಗೆಯಲ್ಲಿ ಚೀಲವಿದೆ, ತೂತು ಎದುರಿಗೆ ಕಾಣುವಂತೆ. ಅದರ ಪಕ್ಕ ಎರಡು ತೇಪೆ, ದಾರ ಒಂದೂ ಕಡಿಯದೆ. ಕಾರ್ಡನ್ನು ಕನ್ನಡದಲ್ಲೇ ಬರೆಸಿದೆ, ಕೆಳಗೆ ಮರಾಠಿ ಇದೆ. ನಕಲು ಇಲ್ಲಿದೆ:

"ರಿವಾಲ್ವರಿನ ಚೀಲ. ಎರಡನೇ ಮಹಾಯುದ್ಧ, ಬರ್ಮಾ. ಫೌಜಿನ ಟಪಾಲು ಒಯ್ಯುತ್ತಿದ್ದ ಮೋಟಾರ್ ಸೈಕಲ್ ಸವಾರ ಅಣ್ಣಾರಾಯ ಅವರದು, ಆಳಂದ ತಾಲೂಕು. ಗುಂಡು ಚೀಲವನ್ನು ಹಾದು ಅವರ ಎಡತೊಡೆಗೆ ತಗಲಿತು. ಆಗ ಚೀಲ ಖಾಲಿ ಇತ್ತು, ರಿವಾಲ್ವರ್ ಕೈಯಲ್ಲಿತ್ತು.

ಎರಡು ತೇಪೆ, ಕೆಂಪು ದಾರ. ಯುದ್ಧ ಮುಗಿದ ಮೇಲಿನವು. ಹಚ್ಚಿದವರು ಅವರ ಹೆಂಡತಿ ಭಾಗಮ್ಮ. ಈ ಚೀಲದ ಜೋಡಿ ಇವೇ."

ಕೊನೆಯ ಸಾಲು ನನ್ನದು. ಅದರ ಕೆಳಗೆ ಸಹಿ ಹಾಕಿದ್ದೇನೆ.

ಫೋಟೋ ಇಟ್ಟಿದ್ದೇನೆ. ಆಯಿಗೆ ತೋರಿಸು.

ರೇವಣಪ್ಪ ಕಾಕಾ


ಅಫಜಲಪುರ
19 ಮೇ 2024

ಕಾಕಾಗೆ ಶರಣು.

ನಿಮ್ಮ ಪಾಕೀಟು ಬಂದ ದಿನ ನನಗೆ ಎರಡು ಟ್ರಿಪ್ಪು ಜಾಸ್ತಿ ಬಿದ್ದಿತ್ತು. ಮನೆಗೆ ಬಂದಾಗ ಕಾಲು ಕಲ್ಲಾಗಿದ್ದವು. ಆಯಿ ಬಾಗಿಲ ಹತ್ತಿರ ಕೂತು ಅಡಿಕೆ ಕತ್ತರಿಸುತ್ತಿದ್ದರು. ನನ್ನ ಹಳೆಯ ಕಂಡಕ್ಟರ್ ಚೀಲವನ್ನು ಅವರಿಗೆ ಕೊಟ್ಟಿದ್ದೇನೆ, ಅಡಕೊತ್ತು ಈಗ ಅದರಲ್ಲಿರುತ್ತದೆ. ಉದ್ದ ಸಾಲುವುದಿಲ್ಲ ಎಂದು ದಿನಾ ತಕರಾರು.

ಫೋಟೋ ಕೈಗೆ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ಬೆರಳಿನಿಂದ ತೇಪೆಯ ಮೇಲೆ ಸವರಿದರು. ಕಾರ್ಡು ಓದಿದೆ. ತಮ್ಮ ಹೆಸರು ಬಂದಾಗ ತಡೆದರು.

"ನನ್ನ ಹೆಸರು ಯಾಕ ಬರದಾರ? ನಾ ಏನು ಲಡಾಯಿಗಿ ಹೋಗಿದ್ದೆನೇನು?"

"ಹವಾಲ್ದಾರ ಕಾಕಾ ಬರದಾರ ಆಯಿ."

ಅಡಕೊತ್ತನ್ನು ಚೀಲದಲ್ಲಿಟ್ಟರು. ಆಮೇಲೆ, "ಇನ್ನೊಮ್ಮಿ ಓದು" ಎಂದರು. ಓದಿದೆ. ಮತ್ತೆ ಓದು ಎಂದರು. ದಣಿದಿದ್ದೆ ಕಾಕಾ, ದನಿ ಕೆಳಗಿಳಿದಿತ್ತು, ಸರಸರ ಮುಗಿಸುತ್ತಿದ್ದೆ. ಅವರು ನನ್ನ ಕೈ ಹಿಡಿದರು.

"ಸಾವಕಾಶ ಓದಬೇ. ಬಾಗಲಾ ಪೂರಾ ತಗಿ. ಅಂವನ ಹೆಸರು ಬಂದಾಗ ಜೋರಲೆ ಓದು, ಹೊರಗ ಮಂದಿಗಿ ಕೇಳಲಿ."

ಬಾಗಿಲು ತೆಗೆದು ಓದಿದೆ.

ನಿಮ್ಮ ಮಗಳು
ಮಧುಮತಿ